ನಲವತ್ತೊಂದನೆಯ ಮನೆ

ಏಪ್ರಿಲ್ ಮುಗಿಯುವ ಹೊತ್ತಿಗೆ ಹಿನ್ನೀರು ಇಳಿದು
ಹಳೇ ಗಾಡಿದಾರಿ ಬೆನ್ನು ತೋರಿಸುತ್ತದೆ, ಕೆಸರು ಒಡೆದ ಬೆನ್ನು.
ಸರ್ವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರಪಳಿ ಎಳೆದವನು,
ಕಲ್ಲು ಎಣಿಸದೆ ನಡೆಯಲು ನನಗೆ ಬರುವುದಿಲ್ಲ.
ಒಂಬತ್ತನೇ ಗಡಿಕಲ್ಲು ದಾಟಿದರೆ ಕಾಲಡಿ ಒಣಗುತ್ತದೆ,
ಹನ್ನೆರಡರ ಹತ್ತಿರ ಹುಲ್ಲು,
ಹದಿನಾಲ್ಕಕ್ಕೆ ಕೋಳಿ ಕೂಗು, ಸಗಣಿ ವಾಸನೆ,
ಸಾವಿರದ ಒಂಬೈನೂರ ಐವತ್ತಮೂರು.
ಯಂತ್ರಗಿಂತ್ರ ಏನಿಲ್ಲ. ನೀರು ಕಮ್ಮಿ ಇರಬೇಕು, ಅಷ್ಟೆ.

ಬಿಳಿಗಲ್ಲು ಕಡವಿನಲ್ಲಿ ಗಾಮಪ್ಪ ದೋಣಿಗೆ ಕಾಯುತ್ತಾನೆ.
ಸಾಗರದ ಸರ್ಕಲ್ಲಿನಲ್ಲಿ ಅವನ ಪ್ರತಿಮೆಗೆ ಮೀಸೆಯಿದೆ;
ಇವನಿಗಿಲ್ಲ. ಕುಳ್ಳ. ಎಡಗಿವಿ ಮಂದ.
ಕಂಕುಳಲ್ಲಿ ಒಡೆಯರ ಮನೆಯ ಕೊಳಗ:
ಕೊಡುವಾಗ ಒಂದಳತೆ, ಒಯ್ಯುವಾಗ ಇನ್ನೊಂದು
ಎಂದು ಕೋರ್ಟಿಗೆ ತೋರಿಸಲು ಹೊರಟಿದ್ದಾನೆ.
ಹುಣಾಲು ಮರದ ಹಿಂದೆ ಕೇಪಿನ ಕೋವಿ.
ದೋಣಿ ದಡ ಮುಟ್ಟುವಾಗ ಈಡು.
ನನಗೆ ಸಿಗುವುದು ಒಂದು ಎಲೆಯಡಿಕೆ ಮುಗಿಯುವಷ್ಟು ಹೊತ್ತು.

ಮೊದಲ ವರ್ಷ ಕೂಗಿದೆ. ಕೂಗಿದ್ದು ಎಡಗಿವಿಗೆ.
ಎರಡನೇ ವರ್ಷ ಮರದ ಹಿಂದೆ ಹೋದೆ:
ಹತ್ತೊಂಬತ್ತರ ಹುಡುಗ, ಒಡೆಯರ ಕೊಟ್ಟಿಗೆಯ ಆಳು,
ಹೆದರಿ ಉಚ್ಚೆ ಹೊಯ್ದುಕೊಂಡಿದ್ದ.
ಕೋವಿ ಕಿತ್ತುಕೊಂಡೆ.
ಈಡು ಇನ್ನೊಂದು ಮರದಿಂದ ಬಂತು.
ಮೂರನೇ ವರ್ಷ ಬಲಗಡೆ ನಿಂತು, ಮೆಲ್ಲಗೆ, ಎಲ್ಲ ಹೇಳಿದೆ:
ಮರ ಎರಡು, ಕೋವಿ ಎರಡು, ನಿನಗೆ ಇವತ್ತೇ ಕಡೆ,
ನಾನು ಬಂದ ದಾರಿ, ಅದರ ಮೇಲೆ ನಿಲ್ಲುವ ನೀರು.

ಗಾಮಪ್ಪ ಸುಣ್ಣ ಸವರುವುದು ನಿಲ್ಲಿಸಿದ.
"ನೀರಾ? ಎಷ್ಟು ನೀರು?"
"ಕೋವಿ..."
"ಅದಿರ್ಲಿ ಮಾರಾಯಾ. ನೀರು ಎಲ್ಲೀವರೆಗೆ ಬತ್ತದೆ?"
ಭೂತಪ್ಪನ ಕಟ್ಟೆ ಮುಳುಗುತ್ತದೆ ಅಂದೆ.
ಕಾನಿನ ಅಂಚು? ಮುಳುಗುತ್ತದೆ.
ಈ ಗದ್ದೆ, ಈಗಷ್ಟೇ ನಮ್ಮದಾಗ್ತಾ ಇರೋದು?
ಸುಮ್ಮನಿದ್ದೆ.
"ಮತ್ತೆ ಇವರೆಲ್ಲ?"
ಲಾರಿ ಹತ್ತಿಸುತ್ತಾರೆ, ಕಾಡಲ್ಲಿ ಇಳಿಸುತ್ತಾರೆ,
ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರ ಬರುವುದಿಲ್ಲ,
ಇಂಥ ಊರಿತ್ತು ಎನ್ನುವುದಕ್ಕೇ ಆಧಾರ ಕೇಳುತ್ತಾರೆ.

"ಕಾಗ್ದ ಇದ್ಯಾ?"
ಜೇಬಲ್ಲಿ ಅಳತೆಪುಸ್ತಕ ಇತ್ತು, ಬಿಡದ ಚಟ.
"ಬರಿ. ತೆಂಕಲಿಂದ ಶುರು ಮಾಡು.
ಕೆರೆಮೂಲೆ ಬೂದ್ಯ, ಎರಡೆಕರೆ ಮೂರು ಗುಂಟೆ.
ಅವನ ಅತ್ತಿಗೆ ಹೊಳಿಯಮ್ಮ. ಬೇರೆ ಒಲೆ, ಬೇರೆ ಮನೆ ಅಂತ್ಲೇ ಬರಿ,
ಇಲ್ಲಾಂದ್ರೆ ಒಂದೇ ಅಂತ ಸೇರಿಸಿಬಿಡ್ತಾರೆ."
ದೋಣಿ ಬಂತು. ನಾನು ಏಳನೇ ಮನೆಯಲ್ಲಿದ್ದೆ.

ಆಮೇಲೆ ಪ್ರತಿ ಬೇಸಿಗೆ ಹೀಗೇ.
ಅವನಿಗೆ ನನ್ನ ನೆನಪಿರುವುದಿಲ್ಲ, ಮೊದಲಿಂದ ಹೇಳಬೇಕು;
ನೀರು ಅಂದೊಡನೆ ಕೋವಿ ಮರೆಯುತ್ತಾನೆ,
ಬರೆದದ್ದು ಓದಿದರೆ ಅಲ್ಲಿಂದ ಮುಂದುವರಿಸುತ್ತಾನೆ.
ವರ್ಷಕ್ಕೆ ನಾಲ್ಕು ಮನೆ, ಐದು ಮನೆ.
ಒಮ್ಮೆ, ಸುಳ್ಳು ಹೇಳಲಾರೆ, ಅವಕಾಶ ಸಿಕ್ಕಿತ್ತು:
ಎಲೆಚೀಲ ಜಾರಿತು, ಗಾಮಪ್ಪ ಬಗ್ಗಿದ.
ಹಾಗೇ ಹೆಗಲು ಒತ್ತಿ ಹಿಡಿದಿದ್ದರೆ ಈಡು ಮೇಲೆ ಹೋಗುತ್ತಿತ್ತು.
ಕೈಯಲ್ಲಿ ಪೆನ್ನಿತ್ತು.
"ಮುಂದೆ ಯಾರು?" ಅಂತ ಕೇಳಿದೆ.
ಹೇಳಲು ತಲೆಯೆತ್ತಿದ.

ತಾಲ್ಲೂಕು ಕಚೇರಿಯ ಕೇಸ್ ವರ್ಕರ್, ಒಳ್ಳೆ ಹುಡುಗಿ,
ಪುಸ್ತಕ ತಿರುವಿದಳು. "ಅಕ್ಷರ ನಿಮ್ಮದೇ ಅಲ್ವಾ ಸರ್,
ಇದು ಹೇಗೆ ಐವತ್ತಮೂರರದು?"
ಆದರೂ ಒಂದು ಪುಟದ ಕಲೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು.
ಎಲೆಯಡಿಕೆ ರಸ, ಅಂದೆ.
ಸ್ವೀಕೃತಿ ಮುದ್ರೆ ಒತ್ತಿಕೊಟ್ಟಿದ್ದಾಳೆ, ತಾರೀಕು ಹಾಕದೆ.

ನಲವತ್ತು ಮನೆ ಆಯಿತು.
ನಲವತ್ತೊಂದನೆಯದು 'ಚೌ' ಎಂದು ನಿಂತಿದೆ.
ಚೌಡಮ್ಮನೋ, ಚೌಡಪ್ಪನೋ.
ಅವನ ಮನೆಯೇ ಇರಬೇಕು, ಕಡೆಗೆ ಇಟ್ಟುಕೊಂಡಿದ್ದಾನೆ;
ಹೆಂಡತಿಯ ಹೆಸರು ಬೇರೆ ಯಾವ ಪುಸ್ತಕದಲ್ಲೂ ಇಲ್ಲ.
ಈ ವರ್ಷ ಮಳೆ ಬೇಗ ಅಂತೆ. ಮೊಣಕಾಲು ನೋವು.
ನಿನ್ನೆ ಒಂಬತ್ತನೇ ಕಲ್ಲಿನವರೆಗೆ ಹೋಗಿ ಬಂದೆ,
ಇನ್ನೂ ಒದ್ದೆ.